ಘಾರಾಪುರಿ ಮತ್ತು ಅದರ ಜನ

ಊರಿನಿಂದ ನೆಂಟರಿಷ್ಟರು ಬಂದಾಗ ಅವರನ್ನು ಗೇಟ್‌ವೇ ಬಳಿ ಕರೆದೊಯ್ದು ಲಾಂಚ್ ಹತ್ತಿಸುವುದು ಮುಂಬಯಿ ಕನ್ನಡಿಗರಲ್ಲಿ ನಡೆದುಬಂದ ರೂಢಿ. ಒಂದು ಗಂಟೆಯ ಪ್ರಯಾಣ. ಎಲಿಫೆಂಟಾದ ಗುಹೆಯಲ್ಲಿ ಸದಾಶಿವನ ಮೂರು ಮುಖಗಳನ್ನು ಕಣ್ತುಂಬ ಕಂಡು, ಸಂಜೆಗೆ ಹಿಂದಿರುಗುತ್ತೇವೆ. ಆ ನಡುಗಡ್ಡೆಯಲ್ಲಿ ಮೂರು ಹಳ್ಳಿಗಳಿವೆ, ಸುಮಾರು 1,200 ಜನ ಬಾಳುತ್ತಿದ್ದಾರೆ ಎಂಬುದು ನಮ್ಮಲ್ಲಿ ಅನೇಕರ ಗಮನಕ್ಕೇ ಬಂದಿರುವುದಿಲ್ಲ.

ಅಲ್ಲಿಯವರಿಗೆ ಅದು ಘಾರಾಪುರಿ. ಎಲಿಫೆಂಟಾ ಎಂಬುದು ಪೋರ್ಚುಗೀಜರು ಇಟ್ಟ ಹೆಸರು. ದಕ್ಷಿಣದ ಕಡಲತಡಿಯಲ್ಲಿ ನಿಂತಿದ್ದ ದೊಡ್ಡ ಕಲ್ಲಾನೆಯನ್ನು ಕಂಡು ಇಟ್ಟದ್ದು. 1864ರಲ್ಲಿ ಅದನ್ನು ಇಂಗ್ಲೆಂಡಿಗೆ ಸಾಗಿಸಹೋಗಿ, ಎತ್ತುವಾಗ ಬಿದ್ದು ಚೂರಾಯಿತು. ಚೂರುಗಳನ್ನು ಜೋಡಿಸಿ ನಿಲ್ಲಿಸಿದ ಆ ಆನೆ ಈಗ ಭಾಯಖಳಾದ ರಾಣಿಬಾಗಿನಲ್ಲಿ, ವಸ್ತುಸಂಗ್ರಹಾಲಯದ ಪಕ್ಕದಲ್ಲಿದೆ. ಮಕ್ಕಳನ್ನು ಅಲ್ಲಿಗೆ ಕರೆದೊಯ್ಯುವವರು ಅದನ್ನು ನೋಡದೆ ಬರಬಾರದು.

ರಾಜ್ಯೋತ್ಸವದ ಸಂದರ್ಭದಲ್ಲಿ ನಮಗೆ ನೆನಪಾಗಬೇಕಾದುದು ಐಹೊಳೆಯ ಶಾಸನ. ಕ್ರಿ.ಶ. 634ರಲ್ಲಿ ರವಿಕೀರ್ತಿಯು ಬರೆದ ಆ ಶಾಸನದಲ್ಲಿ, ಇಮ್ಮಡಿ ಪುಲಕೇಶಿಯು ಕೊಂಕಣದ ಮೌರ್ಯರನ್ನು ಅಡಗಿಸಿ, ಮದ್ದಾನೆಗಳಂತಹ ನೂರಾರು ನೌಕೆಗಳೊಡನೆ ಪಶ್ಚಿಮ ಸಮುದ್ರದ ಪುರಿಯನ್ನು ಮುತ್ತಿದನೆಂದು ಹೇಳಿದೆ. ಆ ಪುರಿಯೇ ಈ ಘಾರಾಪುರಿ ಎಂಬುದು ಹಲವು ವಿದ್ವಾಂಸರ ಮತ. ಜಂಜೀರದ ಹತ್ತಿರದ ರಾಜಪುರಿ ಎನ್ನುವವರೂ ಇದ್ದಾರೆ. ನೌಕೆಗಳನ್ನು ಆನೆಗೆ ಹೋಲಿಸಿದ ಕವಿಗೆ, ಮುಂದೆ ಈ ನಡುಗಡ್ಡೆಗೆ ಆನೆಯ ಹೆಸರೇ ಬರುವುದೆಂದು ಹೇಗೆ ಗೊತ್ತಿರಬೇಕು!

ಇಷ್ಟಾದ ಮೇಲೆ ಗುಹೆಗಳೂ ನಮ್ಮವರವೇ ಎಂದು ಹೇಳಿಬಿಡುವ ಆಸೆ ಸಹಜ. ಬಾದಾಮಿಯ ಮೂರನೆಯ ಗುಹೆಯನ್ನು ಬಲ್ಲವರಿಗೆ ಆ ಆಸೆ ಇನ್ನೂ ಹೆಚ್ಚು. ಆದರೆ ನಡುಗಡ್ಡೆಯಲ್ಲಿ ರಾಶಿಯಾಗಿ ದೊರೆತ ನಾಣ್ಯಗಳು ಕಳಚುರಿ ಕೃಷ್ಣರಾಜನವು. ಆರನೆಯ ಶತಮಾನದ ನಡುವೆ ಅವನ ಆಳ್ವಿಕೆಯಲ್ಲಿಯೇ ದೊಡ್ಡ ಗುಹೆಯನ್ನು ಕೊರೆದರೆಂದು ಇಂದು ಬಹುಮಂದಿ ಒಪ್ಪುತ್ತಾರೆ. ಇಲ್ಲಿದ್ದ ಒಂದು ಶಿಲಾಶಾಸನವನ್ನು ಪೋರ್ಚುಗೀಜರು ಕಿತ್ತು ತಮ್ಮ ದೊರೆಗೆ ಕಳುಹಿಸಿಕೊಟ್ಟರು. ಅದು ಅಲ್ಲಿ ಕಳೆದೇಹೋಯಿತು. ಆ ಕಲ್ಲೊಂದು ಉಳಿದಿದ್ದರೆ ಎಷ್ಟೋ ವಾದಗಳು ಹುಟ್ಟುತ್ತಲೇ ಇರಲಿಲ್ಲ. ನಮಗೆ ಅಭಿಮಾನವಿರಲಿ, ಆದರೆ ಇನ್ನೊಬ್ಬರ ಉಳಿಯ ಕೆಲಸವನ್ನು ನಮ್ಮದೆನ್ನುವ ಹಂಗು ಚಾಲುಕ್ಯರಿಗೆ ಬೇಕಿಲ್ಲ.

ಅರಸರಿಗಿಂತ ಹಳೆಯದು ಇಲ್ಲಿಯ ಬಂದರು. ಪೂರ್ವದ ಗುಡ್ಡದ ಮೇಲೆ ಇಟ್ಟಿಗೆಯ ಬೌದ್ಧ ಸ್ತೂಪವೊಂದರ ದಿಬ್ಬವಿದೆ. ಅದರ ಕೆಳಗಿನ ಮೋರಾಬಂದರಿನಲ್ಲಿ ರೋಮ್ ಸಾಮ್ರಾಜ್ಯದಿಂದ ದ್ರಾಕ್ಷಾರಸ ತುಂಬಿ ಬರುತ್ತಿದ್ದ ಮಣ್ಣಿನ ಕೊಡಗಳ ಚೂರುಗಳು ಸಿಕ್ಕಿವೆ. ಶೇತಬಂದರ, ರಾಜಬಂದರ, ಮೋರಾಬಂದರ: ಮೂರು ಹಳ್ಳಿಗಳ ಹೆಸರಿನಲ್ಲಿಯೂ ಬಂದರು ಉಳಿದುಕೊಂಡಿದೆ, ಹಡಗುಗಳು ಮಾತ್ರ ಬೇರೆಡೆಗೆ ಹೋದವು. 1534ರಲ್ಲಿ ಗುಜರಾತಿನ ಸುಲ್ತಾನನಿಂದ ಪೋರ್ಚುಗೀಜರಿಗೆ, ಆಮೇಲೆ ಮರಾಠರಿಗೆ, 1774ರ ಹೊತ್ತಿಗೆ ಇಂಗ್ಲಿಷರಿಗೆ ಹೀಗೆ ಒಡೆಯರು ಬದಲಾದರು.

ಈಗ ಅಲ್ಲಿರುವವರು ಹೆಚ್ಚಾಗಿ ಆಗ್ರಿ ಮತ್ತು ಕೋಳಿ ಜನ. ಮೀನು ಹಿಡಿಯುವುದು, ಮಳೆಗಾಲದಲ್ಲಿ ಒಂದಿಷ್ಟು ಭತ್ತ ಬೆಳೆಯುವುದು, ದೋಣಿ ರಿಪೇರಿ ಇವು ಹಿಂದಿನಿಂದ ಬಂದ ಕಸುಬುಗಳು. 1987ರಲ್ಲಿ ಗುಹೆಗಳು ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ಮೆಟ್ಟಿಲುಗಳ ಇಕ್ಕೆಲದ ಅಂಗಡಿ, ಖಾನಾವಳಿಗಳೇ ಈಗ ಹಲವರ ಜೀವನ. ಇಷ್ಟೆಲ್ಲ ಕೀರ್ತಿಯಿದ್ದೂ ಹಳ್ಳಿಗಳಿಗೆ ವಿದ್ಯುತ್ತು ಬಂದದ್ದು 2018ರ ಫೆಬ್ರವರಿಯಲ್ಲಿ, ಸಮುದ್ರದ ತಳದಲ್ಲಿ ಸುಮಾರು ಏಳೂವರೆ ಕಿಲೋಮೀಟರು ಕೇಬಲ್ ಎಳೆದ ಮೇಲೆ. ಅದುವರೆಗೆ ಡೀಸೆಲ್ ಯಂತ್ರ ತಿರುಗಿ ಸಂಜೆ ಮೂರು ನಾಲ್ಕು ಗಂಟೆ ಬೆಳಕು, ಆಮೇಲೆ ಕತ್ತಲು. ಎದುರಿಗೆ ಹತ್ತೇ ಕಿಲೋಮೀಟರಿನಾಚೆ ರಾತ್ರಿಯಿಡೀ ಬೆಳಗುತ್ತಿದ್ದುದು ನಮ್ಮ ಮುಂಬಯಿ.

ಪ್ರವಾಸಿಗರು ರಾತ್ರಿ ಅಲ್ಲಿ ತಂಗುವಂತಿಲ್ಲ. ಆದರೆ ಬೆಳಗಿನ ಮೊದಲ ಲಾಂಚಿಗೆ ಹೋದರೆ, ಗುಹೆ ನೋಡಿದ ಮೇಲೂ ಮೋರಾಬಂದರಿನವರೆಗೆ ನಡೆದುಹೋಗಿ ಬರುವಷ್ಟು ಹೊತ್ತು ಉಳಿಯುತ್ತದೆ. ಸೋಮವಾರ ಮಾತ್ರ ಹೋಗಬೇಡಿ, ಅಂದು ಗುಹೆಗಳಿಗೆ ಬಾಗಿಲು.