ಹಚ್ಚೆ ಹಾಕುವವಳ ಸೂಜಿಯೂ ನಾನು ಬಿಟ್ಟ ಒತ್ತಕ್ಷರವೂ



ಕಳೆದ ವಾರ ಹಳೆಯ ವಿದ್ಯಾರ್ಥಿಯೊಬ್ಬ ಮನೆಗೆ ಬಂದಿದ್ದ. ಮುಂಗೈ ಮೇಲೆ ತಾಯಿಯ ಹೆಸರನ್ನು ಹಚ್ಚೆ ಹಾಕಿಸಿಕೊಂಡಿದ್ದ. “ಸರ್, ಸಿಟ್ಟಾಗಬ್ಯಾಡ್ರಿ” ಎನ್ನುತ್ತ ತೋಳನ್ನು ಕೆಳಗೆಳೆದುಕೊಂಡ. ನಾನು ಸಿಟ್ಟಾಗಲಿಲ್ಲ; ಕಾಗುಣಿತ ಸರಿಯಿದೆಯೇ ಎಂದು ನೋಡಿದೆ. ಅದಕ್ಕೊಂದು ಹಳೆಯ ಕಾರಣವಿದೆ.

ನಮ್ಮ ಎಂ.ಕೆ. ಹುಬ್ಬಳ್ಳಿಯಲ್ಲಿ, ಮಲಪ್ರಭೆಯ ದಂಡೆಯ ಊರುಗಳಲ್ಲಿ, ಹಚ್ಚಿಬೊಟ್ಟಿಲ್ಲದ ಮುದುಕಿಯರನ್ನು ನನ್ನ ಬಾಲ್ಯದಲ್ಲಿ ಕಂಡ ನೆನಪಿಲ್ಲ. ಹಣೆಗೆ ಬೊಟ್ಟು, ಗದ್ದಕ್ಕೆ ಚುಕ್ಕೆ, ಮುಂಗೈಗೆ ತುಳಸಿಕಟ್ಟೆ, ತೊಟ್ಟಿಲು, ಚೇಳು. ಚಿನ್ನ, ಬೆಳ್ಳಿಗಳನ್ನು ಕೊನೆಗೆ ಕಳಚಿಕೊಳ್ಳುತ್ತಾರೆ, ಸತ್ತಾಗ ಜೊತೆಗೆ ಬರುವ ಒಡವೆ ಹಚ್ಚೆಯೊಂದೇ ಎಂಬುದು ಅವರ ನಂಬಿಕೆ.

ಈ ಕಲೆಯನ್ನು ಉಳಿಸಿಕೊಂಡು ಬಂದವರು ಮುಖ್ಯವಾಗಿ ಕೊರವ ಮತ್ತು ಕಿಳ್ಳೇಕ್ಯಾತ ಸಮುದಾಯಗಳ ಹೆಣ್ಣುಮಕ್ಕಳು. ಕಿಳ್ಳೇಕ್ಯಾತರ ಮನೆಯಲ್ಲಿ ಗಂಡಸರು ತೊಗಲುಗೊಂಬೆ ಆಡಿಸುತ್ತಿದ್ದರು, ಹೆಂಗಸರು ಹಚ್ಚೆ ಹಾಕುತ್ತಿದ್ದರು. ಚರ್ಮಕ್ಕೆ ರಂಧ್ರ ಕೊರೆದು ಬೆಳಕಿನಲ್ಲಿ ಚಿತ್ರ ಮೂಡಿಸುವುದು ಒಂದು ವಿದ್ಯೆ, ಜೀವಂತ ಚರ್ಮಕ್ಕೆ ಸೂಜಿ ಚುಚ್ಚಿ ಮಸಿಯಲ್ಲಿ ಮೂಡಿಸುವುದು ಇನ್ನೊಂದು. ಎರಡೂ ಒಂದೇ ಮನೆಯಲ್ಲಿ ಬೆಳೆದದ್ದು ಆಕಸ್ಮಿಕವಾಗಿರಲಾರದು ಎಂದು ನನಗೆ ಅನ್ನಿಸುತ್ತದೆ.

ಮದ್ರಾಸಿನ ಎಡ್ಗರ್ ಥರ್ಸ್ಟನ್ 1906ರಲ್ಲಿ ಪ್ರಕಟಿಸಿದ ದಕ್ಷಿಣ ಭಾರತದ ಜನಾಂಗ ಟಿಪ್ಪಣಿಗಳಲ್ಲಿ ಈ ಕೆಲಸದ ವಿವರ ಕೊಟ್ಟಿದ್ದಾನೆ. ಅರಿಸಿನ ಪುಡಿಯನ್ನೂ ಚೊಗಚೆ ಎಲೆಯನ್ನೂ ಬಟ್ಟೆಯಲ್ಲಿ ಬತ್ತಿಯಂತೆ ಸುತ್ತಿ, ಔಡಲೆಣ್ಣೆಯ ದೀಪದಲ್ಲಿಟ್ಟು ಹೊತ್ತಿಸಿ, ಮೇಲೆ ಮಡಕೆ ಬೋರಲು ಹಾಕುವುದು. ಒಳಗೆ ಕಟ್ಟಿದ ಕಾಡಿಗೆಯನ್ನು ಕೆರೆದು ಎದೆಹಾಲಿನಲ್ಲಿ ಕಲಸುವುದು. ಮೂರು ನಾಲ್ಕು ಹೊಲಿಗೆ ಸೂಜಿಗಳನ್ನು ಒಟ್ಟಿಗೆ ಕಟ್ಟಿದರೆ ಉಪಕರಣ ಸಿದ್ಧ. ಮೇಲ್ಚರ್ಮ ಸವೆದು ಉದುರುತ್ತಲೇ ಇರುತ್ತದೆ. ಅದರ ಕೆಳಗಿನ ಪದರಕ್ಕೆ ಇಳಿದ ಮಸಿ ಮಾತ್ರ ಉಳಿಯುತ್ತದೆ. ಕಡಿಮೆ ಇಳಿದರೆ ಅಳಿಸಿಹೋಗುತ್ತದೆ, ಹೆಚ್ಚು ಇಳಿದರೆ ಹರಡುತ್ತದೆ. ಈ ಅಳತೆ ಕೈಗೆ ಹತ್ತುವುದೇ ಆ ವಿದ್ಯೆಯ ಮೊದಲ ಪಾಠ.

ಎರಡನೆಯ ಪಾಠ ಜನರೊಡನೆ ನಡೆದುಕೊಳ್ಳುವುದು. ಬನದ ಹುಣ್ಣಿಮೆಗೋ ಭಾರತ ಹುಣ್ಣಿಮೆಗೋ ಸವದತ್ತಿಯ ಎಲ್ಲಮ್ಮನ ಜಾತ್ರೆಗೆ ಹೋದರೆ ಹಚ್ಚೆಯವರು ಸಾಲಾಗಿ ಕುಳಿತಿರುತ್ತಿದ್ದರು. ಅಳುವ ಹುಡುಗಿಯನ್ನು ಹಾಡು ಹೇಳಿ ಮರೆಸುತ್ತಿದ್ದರು. “ಸೂಜಿ ಒಂದ ಗಳಿಗಿ ಮಗಳ, ಹಚ್ಚಿ ಜಲ್ಮದ ತನಕ” ಎಂದು ಒಬ್ಬಳು ಹೇಳಿದ್ದು ಇನ್ನೂ ಕಿವಿಯಲ್ಲಿದೆ.

ಆಕೆಯೇ ನಮ್ಮ ಓಣಿಗೂ ಬರುತ್ತಿದ್ದಳು. ಸೇರು ಜೋಳ, ಒಂದು ಕುಬಸದ ಖಣ ಅವಳ ಕೂಲಿ. ಅವಳಿಗೆ ತಾಯಿಯಿಂದ ಬಂದದ್ದು ಬಳ್ಳಿ, ಚುಕ್ಕೆ, ಚೇಳುಗಳು. ಆದರೆ ಊರಿಗೆ ಶಾಲೆ ಬಂದ ಮೇಲೆ ಜನ ಹೆಸರು ಬರೆಯಿಸತೊಡಗಿದರು. ಅವಳಿಗೆ ಓದು ಬಾರದು. ಅಕ್ಷರವನ್ನೂ ಬಳ್ಳಿಯಂತೆಯೇ ನೋಡಿ ತಿದ್ದುತ್ತಿದ್ದಳು. ನಮ್ಮ ಚಿಗವ್ವ ಗಂಡನ ಹೆಸರು ಹಾಕಿಸಿಕೊಳ್ಳಲು ಕುಳಿತಳು. ಬಾಯಿಂದ ಆ ಹೆಸರು ಹೇಳುವಂತಿಲ್ಲ. ನಾಲ್ಕನೆಯ ಇಯತ್ತೆಯ ನನ್ನನ್ನು ಕರೆದು ಪಾಟಿಯ ಮೇಲೆ ಬರೆಯಲು ಹೇಳಿದರು. ಜಂಬದಿಂದ ಬರೆದೆ, ನಕಾರದ ಒತ್ತು ಬಿಟ್ಟೆ. ಅವಳು ಕಂಡದ್ದನ್ನು ಕಂಡಂತೆ ಚುಚ್ಚಿದಳು.

ಸಂಜೆ ಕಾಕಾ ಓದಿ ನೋಡಿದಾಗ ತಪ್ಪು ಗೊತ್ತಾಯಿತು. ನಾನು ಅಟ್ಟ ಹತ್ತಿ ಅಡಗಿದೆ. ಚಿಗವ್ವ ಮಾತ್ರ ನಕ್ಕಳು: “ಒತ್ತಿಲ್ಲ ಅಂದಮ್ಯಾಲ ಇದು ನಿಮ್ಮ ಕಾಕಾನ ಹೆಸರಲ್ಲ. ನಾ ಬಾಯಿಬಿಟ್ಟು ಓದಿದರೂ ದೋಷ ಇಲ್ಲ.”

ಮರುವರ್ಷ ಆ ಹಚ್ಚೆಯವಳು ಬಂದಾಗ ಅವಳ ಪದ್ಧತಿ ಬದಲಾಗಿತ್ತು. ಮೊದಲು ಕಡ್ಡಿಯಿಂದ ಮಸಿಯಲ್ಲಿ ಬರೆಯುವುದು, ಇಬ್ಬರು ಬೇರೆ ಬೇರೆಯಾಗಿ ಓದಿ ಹೌದೆನ್ನುವುದು, ಆಮೇಲೆ ಸೂಜಿ. ಓದು ಬಾರದ ಆಕೆ ತಿದ್ದುಪಡಿಯ ಕ್ರಮವನ್ನು ತಾನೇ ಕಂಡುಕೊಂಡಿದ್ದಳು. ನನ್ನನ್ನು ಬಯ್ಯಲಿಲ್ಲ; ಆ ಇಬ್ಬರಲ್ಲಿ ಒಬ್ಬನನ್ನಾಗಿ ನನ್ನನ್ನು ಕೂರಿಸಿಕೊಂಡಳು.

1891ರಲ್ಲಿ ನ್ಯೂಯಾರ್ಕಿನ ಸ್ಯಾಮ್ಯುಯೆಲ್ ಓ'ರೈಲಿ ಎಡಿಸನ್ನನ ವಿದ್ಯುತ್ ಲೇಖನಿಯ ಮಾದರಿಯಲ್ಲಿ ಹಚ್ಚೆಯಂತ್ರಕ್ಕೆ ಪೇಟೆಂಟ್ ಪಡೆದ. ಕಾಲಾನಂತರ ಯಂತ್ರ ನಮ್ಮ ಜಾತ್ರೆಗಳಿಗೂ ಬಂತು. ಒಂದೇ ಸೂಜಿಯನ್ನು ಹಲವರಿಗೆ ಬಳಸಿದರೆ ಹೆಪಟೈಟಿಸ್, ಎಚ್.ಐ.ವಿ. ಹರಡಬಹುದೆಂಬ ಅರಿವೂ ಬಂತು. ಹಾಕಿಸಿಕೊಳ್ಳುವವರು ಹೊಸ ಸೂಜಿಯನ್ನು ಕೇಳಿ ಪಡೆಯಿರಿ. ಇದು ಮಾಸ್ತರನ ಮಾತು.

ಚಿಗವ್ವ ತೀರಿಕೊಂಡ ದಿನ ಹೆಣ್ಣುಮಕ್ಕಳು ಬಳೆ, ಮೂಗುತಿ ತೆಗೆದಿಟ್ಟರು. ತೋಳಿನ ಮೇಲೆ ಹಸಿರುಗಟ್ಟಿದ ನನ್ನ ತಪ್ಪು ಮಾತ್ರ ಹಾಗೇ ಇತ್ತು. ನಿಮ್ಮ ಪಟ್ಟಿಗಳಲ್ಲಿ ಒತ್ತಕ್ಷರಕ್ಕೆ ಕೆಂಪು ಗೆರೆ ಎಳೆಯುವಾಗಲೆಲ್ಲ ನನಗೆ ಆ ತೋಳು ನೆನಪಾಗುತ್ತಿತ್ತು. ಕೆಲವರು ನನ್ನನ್ನು ಕಠಿಣ ಎಂದು ಬೈದುಕೊಂಡದ್ದೂ ಗೊತ್ತು.

ಮನೆಯಲ್ಲಿ ಹಚ್ಚೆಯ ಅಜ್ಜಿಯರಿದ್ದರೆ ಪಕ್ಕದಲ್ಲಿ ಕುಳಿತು ಒಂದೊಂದು ಚಿತ್ರದ ಹೆಸರನ್ನೂ ಕೇಳಿ ಬರೆದಿಡಿ. ಬರೆದದ್ದನ್ನು ಅವರಿಗೆ ಒಮ್ಮೆ ಓದಿ ಹೇಳಿ, ಹೌದೆನ್ನಿಸಿಕೊಳ್ಳಿ.