ಕಾಯಲೆಂದೇ ಹುಟ್ಟಿದ ಓಲೆ

ಒಂದು ಕಾಲಕ್ಕೆ ಮನೆ ಬಾಗಿಲಲ್ಲಿ ತಂತಿಯವನು ನಿಂತನೆಂದರೆ ಒಳಗಿದ್ದವರ ಎದೆ ಧಸಕ್ಕೆನ್ನುತ್ತಿತ್ತು. ಮದುವೆಯ ಶುಭಾಶಯವನ್ನು ಬಿಟ್ಟರೆ ಸಾವು, ಕಾಯಿಲೆ, ನೌಕರಿಯ ಕರೆ ಇಂಥ ಸುದ್ದಿಗಳಿಗೇ ಸಾಮಾನ್ಯ ಜನ ತಂತಿ ಕಚೇರಿಯ ಮೆಟ್ಟಿಲು ಹತ್ತುತ್ತಿದ್ದರು. ಪದಗಳನ್ನು ಎಣಿಸಿ ಹಣ ತೆರಬೇಕಾಗಿತ್ತು. ಎಂದರೆ, ತುರ್ತಿಗೆ ಒಂದು ಬೆಲೆಯಿತ್ತು. ಆ ಬೆಲೆಯನ್ನು ಕಳಿಸುವವನೇ ಕೊಡುತ್ತಿದ್ದ. ಭಾರತದಲ್ಲಿ 1850ರ ದಶಕದಲ್ಲಿ ಆರಂಭವಾದ ತಂತಿ ಸೇವೆ 2013ರ ಜುಲೈನಲ್ಲಿ ಕೊನೆಗೊಂಡಿತು. ಅಷ್ಟು ಹೊತ್ತಿಗೆ ತುರ್ತಿನ ಬೆಲೆಯನ್ನು ತೆರುವವನೇ ಬದಲಾಗಿದ್ದ.

ಈ ಬದಲಾವಣೆಗೆ ಕಾರಣವಾದ ಇ-ಮೇಲ್ ಹುಟ್ಟಿದ್ದು 1971ರಲ್ಲಿ, ಅಮೆರಿಕದ ಕೇಂಬ್ರಿಜ್ ನಗರದಲ್ಲಿ. ರೇ ಟಾಮ್ಲಿನ್ಸನ್ ಎಂಬ ಎಂಜಿನಿಯರ್ ಅಕ್ಕಪಕ್ಕದಲ್ಲೇ ಇದ್ದ ಎರಡು ಗಣಕಗಳ ನಡುವೆ, ಅರ್ಪಾನೆಟ್ ಎಂಬ ಜಾಲದ ಮೂಲಕ ಒಂದು ಸಂದೇಶವನ್ನು ರವಾನಿಸಿದರು. ವ್ಯಕ್ತಿಯ ಹೆಸರನ್ನೂ ಯಂತ್ರದ ಹೆಸರನ್ನೂ ಬೇರ್ಪಡಿಸಲು ಅವರು ಕೀಲಿಮಣೆಯಲ್ಲಿ ಆರಿಸಿಕೊಂಡ ಚಿಹ್ನೆಯೇ ಇಂದಿನ '@'. ಆ ಮೊದಲ ಸಂದೇಶದಲ್ಲಿ ಬರೆದದ್ದೇನೆಂಬುದು ಮುಂದೆ ಅವರಿಗೇ ನೆನಪಿರಲಿಲ್ಲ.

ಈ ಹೊಸ ಓಲೆಯ ಹೆಚ್ಚುಗಾರಿಕೆ ಅದರ ವೇಗವಷ್ಟೇ ಆಗಿರಲಿಲ್ಲ, ಅದು ಕಾಯಬಲ್ಲುದಾಗಿತ್ತು. ದೂರವಾಣಿಯಲ್ಲಿ ಮಾತನಾಡಲು ಇಬ್ಬರೂ ಒಂದೇ ಗಳಿಗೆಯಲ್ಲಿ ಸಿಗಬೇಕು. ಕೈಯಲ್ಲಿರುವ ಕೆಲಸ ಬಿಟ್ಟು ಎದ್ದು ಹೋಗಬೇಕು. ಇ-ಮೇಲ್ ಹಾಗಲ್ಲ. ಪೆಟ್ಟಿಗೆಯಲ್ಲಿ ಬಿದ್ದಿರುತ್ತದೆ, ಬಿಡುವಾದಾಗ ತೆರೆದರಾಯಿತು. ಈ ಜಾಲದ ಕನಸು ಕಂಡವರಲ್ಲಿ ಒಬ್ಬರಾದ ಜೆ.ಸಿ.ಆರ್. ಲಿಕ್‌ಲೈಡರ್ ಅವರು ಆಲ್ಬರ್ಟ್ ವೆಝಾ ಅವರೊಡನೆ 1978ರಲ್ಲಿ ಬರೆದ ಪ್ರಬಂಧದಲ್ಲಿ ಇದನ್ನು ಗುರುತಿಸಿದ್ದರು. ಮೇಲಧಿಕಾರಿಗೂ ಚುಟುಕಾಗಿ, ತಪ್ಪುತಡೆಗಳ ಸಮೇತ ಬರೆಯಬಹುದು. ಓದಿದವರು ಬೇಸರಿಸಿಕೊಳ್ಳುವುದಿಲ್ಲ ಎಂಬುದು ಅವರು ಕಂಡ ಇನ್ನೊಂದು ಅನುಕೂಲ.

ಬೇಸರ ಹುಟ್ಟಲು ಬಹಳ ಕಾಲ ಬೇಕಾಗಲಿಲ್ಲ. ಎದುರು ಕುಳಿತು ಆಡುವ ಮಾತಿಗೆ ದನಿಯ ಏರಿಳಿತವಿದೆ, ನಗುವಿದೆ, ಮೌನವಿದೆ. ಪರದೆಯ ಮೇಲಿನ ಅಕ್ಷರಕ್ಕೆ ಇವಾವುವೂ ಇಲ್ಲ. 1980ರ ದಶಕದಲ್ಲಿ ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಸಾರಾ ಕೀಸ್ಲರ್ ಮತ್ತು ಸಂಗಡಿಗರು ಗಣಕದ ಮೂಲಕ ಚರ್ಚಿಸುವ ಗುಂಪುಗಳನ್ನು ಅಭ್ಯಸಿಸಿದರು. ಅಲ್ಲಿ ಒಬ್ಬಿಬ್ಬರೇ ಮೆರೆಯದೆ, ಎಲ್ಲರೂ ಹೆಚ್ಚು ಸಮನಾಗಿ ಪಾಲ್ಗೊಂಡರು. ಆದರೆ ಒಮ್ಮತಕ್ಕೆ ಬರಲು ಹೆಚ್ಚು ಸಮಯ ಹಿಡಿಯಿತು, ಕಟುಮಾತುಗಳೂ ಹೆಚ್ಚಿದವು. ಅದೇ ವಿಶ್ವವಿದ್ಯಾಲಯದ ಸ್ಕಾಟ್ ಫಾಲ್‌ಮನ್, ತಮಾಷೆಯನ್ನು ಜನ ನಿಜವೆಂದು ತಿಳಿದು ಕೆರಳುವುದನ್ನು ತಪ್ಪಿಸಲು 1982ರಲ್ಲಿ ಒಂದು ಉಪಾಯ ಸೂಚಿಸಿದರು: ವಿವರಣ ಚಿಹ್ನೆ, ಒಂದು ಅಡ್ಡಗೀಟು, ಒಂದು ಆವರಣ. ಕತ್ತು ವಾಲಿಸಿ ನೋಡಿದರೆ ನಗುವ ಮುಖ. ಕಳೆದುಹೋದ ದನಿಗೆ ಹಾಕಿದ ತೇಪೆ ಅದು.

ಇಷ್ಟಾದರೂ ಓಲೆಯ ಪೆಟ್ಟಿಗೆ ಕಚೇರಿಯ ಮೇಜಿನ ಮೇಲೇ ಇತ್ತು. ಬೀಗ ಹಾಕಿ ಮನೆಗೆ ಹೊರಟರೆ ಅದು ಹಿಂಬಾಲಿಸುತ್ತಿರಲಿಲ್ಲ. 1999ರಲ್ಲಿ ಕೆನಡಾದ ಕಂಪೆನಿಯೊಂದು ಬ್ಲ್ಯಾಕ್‌ಬೆರಿ ಎಂಬ ಪುಟ್ಟ ಸಾಧನವನ್ನು ತಂದಾಗ ಪೆಟ್ಟಿಗೆ ಜೇಬಿಗಿಳಿಯಿತು. ಓಲೆ ಬಂದಾಗಲೆಲ್ಲ ಮಿಡಿಯತೊಡಗಿತು. ಮಾದಕ ವಸ್ತುವೊಂದರ ಹೆಸರನ್ನು ಸೇರಿಸಿ ಜನ ಅದನ್ನು 'ಕ್ರ್ಯಾಕ್‌ಬೆರಿ' ಎಂದು ಗೇಲಿ ಮಾಡಿದರು. 2006ರಲ್ಲಿ ವೆಬ್‌ಸ್ಟರ್ಸ್ ನ್ಯೂ ವರ್ಲ್ಡ್ ನಿಘಂಟು ಅದನ್ನೇ ವರ್ಷದ ಪದವೆಂದು ಆರಿಸಿತು.

ಬೆಂಗಳೂರಿಗೆ ಇದರಲ್ಲಿ ಇನ್ನೊಂದು ಪಾಲಿದೆ. ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ 1985ರಲ್ಲಿ ಇಲ್ಲಿ ಕೇಂದ್ರ ತೆರೆದ ಮೇಲೆ ನಗರದ ಕೆಲಸ ಉಪಗ್ರಹದ ಮೂಲಕ ಸಾಗರದಾಚೆಗೆ ಬೆಸೆದುಕೊಂಡಿತು. ಡಲ್ಲಾಸ್‌ನಲ್ಲಿ ಬೆಳಿಗ್ಗೆ 10 ಗಂಟೆಯಾದಾಗ ಇಲ್ಲಿ ಋತುಮಾನಕ್ಕೆ ತಕ್ಕಂತೆ ರಾತ್ರಿ 8.30 ಅಥವಾ 9.30. ಅಲ್ಲಿಯವರು ಹಗಲಿನಲ್ಲಿ ಸಹಜವಾಗಿ ಬರೆದದ್ದು ಇಲ್ಲಿ ಊಟದ ತಟ್ಟೆಯ ಮುಂದೆ ಬಂದು ಕೂರುತ್ತದೆ.

ಇಂಥ ಓಲೆಗಳು ಮೈಮನಸ್ಸಿಗೆ ಮಾಡುವುದೇನು? ಕ್ಯಾಲಿಫೋರ್ನಿಯಾದ ಗ್ಲೋರಿಯಾ ಮಾರ್ಕ್ ಮತ್ತು ಸಹೋದ್ಯೋಗಿಗಳು 13 ಮಂದಿ ಕಚೇರಿ ನೌಕರರನ್ನು ಐದು ದಿನ ಇ-ಮೇಲ್‌ನಿಂದ ದೂರವಿಟ್ಟು, ಹೃದಯ ಬಡಿತವನ್ನು ಅಳೆದರು. 2012ರಲ್ಲಿ ಪ್ರಕಟವಾದ ಈ ಚಿಕ್ಕ ಅಧ್ಯಯನದಲ್ಲಿ ಅವರ ಒತ್ತಡ ತಗ್ಗಿತ್ತು. ಒಂದು ಕೆಲಸದಿಂದ ಇನ್ನೊಂದಕ್ಕೆ ಹಾರುವುದು ಕಡಿಮೆಯಾಗಿ ಗಮನ ನೆಲೆಗೊಂಡಿತ್ತು.

ಕಾನೂನೂ ಕಣ್ತೆರೆಯಿತು. ಜರ್ಮನಿಯ ವೋಕ್ಸ್‌ವ್ಯಾಗನ್ 2011ರಲ್ಲಿ ತನ್ನ ಕೆಲವು ನೌಕರರಿಗೆ, ಪಾಳಿ ಮುಗಿದು ಅರ್ಧ ಗಂಟೆಯಾದ ಮೇಲೆ ಫೋನಿಗೆ ಓಲೆ ಹೋಗದಂತೆ ಏರ್ಪಾಡು ಮಾಡಿತು. ಫ್ರಾನ್ಸ್‌ನಲ್ಲಿ 2017ರ ಜನವರಿ 1ರಿಂದ 'ಸಂಪರ್ಕ ಕಡಿದುಕೊಳ್ಳುವ ಹಕ್ಕು' ಕಾನೂನಿನಲ್ಲಿ ಸೇರಿತು. ಭಾರತದಲ್ಲಿ ಸಂಸದೆ ಸುಪ್ರಿಯಾ ಸುಳೆ 2018ರಲ್ಲಿ ಇಂಥದೇ ಖಾಸಗಿ ಮಸೂದೆ ಮಂಡಿಸಿದರಾದರೂ ಅದು ಕಾನೂನಾಗಲಿಲ್ಲ.

ಆದರೆ ಹೊರಗಿನ ಬೀಗ ಒಳಗಿನ ಅಂಜಿಕೆಯನ್ನು ಕಳೆಯಲಾರದು. ಲಾರಾ ಗ್ಯುರ್ಜ್ ಮತ್ತು ವನೆಸ್ಸಾ ಬೋನ್ಸ್ 2021ರಲ್ಲಿ ಪ್ರಕಟಿಸಿದ ಸಂಶೋಧನೆ ಈ ಅಂಜಿಕೆಯ ಬೇರನ್ನು ಮುಟ್ಟುತ್ತದೆ. ತುರ್ತಿಲ್ಲದ ಓಲೆ ಕೆಲಸದ ವೇಳೆಯ ನಂತರ ಬಂದಾಗ, ಕಳಿಸಿದವರು ನಿಜವಾಗಿ ನಿರೀಕ್ಷಿಸುವುದಕ್ಕಿಂತ ಬೇಗನೆ ಉತ್ತರ ಬಯಸುತ್ತಾರೆಂದು ಪಡೆದವರು ಭಾವಿಸುತ್ತಾರೆ. ಮೇಲಧಿಕಾರಿ ರಾತ್ರಿ ಹತ್ತಕ್ಕೆ ಬರೆದದ್ದು ಮರೆತುಹೋದೀತೆಂದು ಇರಬಹುದು; ಕೈಕೆಳಗಿನವನು ಅದನ್ನು ಆಜ್ಞೆಯೆಂದೇ ಓದುತ್ತಾನೆ. ದನಿಯಿಲ್ಲದ ಅಕ್ಷರಕ್ಕೆ ಓದುಗನ ಭಯವೇ ದನಿಯಾಗುತ್ತದೆ.

ಅದೇ ಸಂಶೋಧನೆ ಕಂಡುಕೊಂಡ ಪರಿಹಾರ ಬಲು ಸರಳ. ಇದು ತುರ್ತಿನದಲ್ಲ, ಬಿಡುವಾದಾಗ ಉತ್ತರಿಸಿದರೆ ಸಾಕು ಎಂದು ಕಳಿಸುವವರು ಒಂದು ಸಾಲು ಸೇರಿಸಿದರೆ ಆ ತಪ್ಪು ಕಲ್ಪನೆ ತಗ್ಗುತ್ತದೆ. ತಂತಿಯ ಕಾಲದಲ್ಲಿ ಕಳಿಸುವವನು ಪದಕ್ಕಿಷ್ಟೆಂದು ತೆತ್ತು ತುರ್ತನ್ನು ಕೊಳ್ಳುತ್ತಿದ್ದ. ಈಗ ನಾಲ್ಕಾರು ಪದ ಹೆಚ್ಚು ಬರೆದರೆ ಇನ್ನೊಬ್ಬರ ರಾತ್ರಿಯ ನೆಮ್ಮದಿ ಉಳಿಯುತ್ತದೆ. ಕಾಯಲೆಂದೇ ಹುಟ್ಟಿದ ಓಲೆಗೆ ಕಾಯಲು ಬಿಡುವುದು ಅಷ್ಟು ಕಷ್ಟವೇನಲ್ಲ.