ಯಾವ ಕಾಲದ ರೂಪ?

ಹೊಸಪೇಟೆಯಿಂದ ಹಂಪೆಗೆ ಹೋಗುವ ದಾರಿಯಲ್ಲಿರುವ ನಮ್ಮ ಮಲಪನಗುಡಿಯಲ್ಲಿ ಹಳೆಯದು, ಹೊಸದು ಎಂಬ ಭೇದ ಅಷ್ಟಾಗಿ ಇಲ್ಲ. ವಿಜಯನಗರದ ಕಾಲದ ಗುಡಿಯಲ್ಲಿ ಇಂದಿಗೂ ದೀಪ ಹಚ್ಚುತ್ತಾರೆ. ಆ ಕಾಲದ ಬಾವಿಯ ಮಗ್ಗುಲಲ್ಲೇ ಈ ಕಾಲದ ವಿದ್ಯುತ್ ಕಂಬವೂ ನಿಂತಿರುತ್ತದೆ. ಅಂಥ ಊರಿನವನಿಗೆ, ಒಂದು ವಸ್ತುವನ್ನು ‘ಮೂಲ ರೂಪಕ್ಕೆ’ ತರುತ್ತೇವೆಂದು ಯಾರಾದರೂ ಹೇಳಿದರೆ, ಯಾವ ಮೂಲ, ಯಾವ ವರ್ಷದ ಮೂಲ ಎಂದು ಕೇಳಬೇಕೆನಿಸುತ್ತದೆ.

ಇಂಗ್ಲೆಂಡಿನ ಉಗಿ ಎಂಜಿನ್ ಪ್ರಿಯರ ನಡುವೆ ಈ ಜಗಳ ಬಹಳ ದಿನದ್ದು. ಅಲ್ಲಿ ಬುಲೀಡ್ ಎಂಬ ಎಂಜಿನಿಯರು ‘ಮರ್ಚೆಂಟ್ ನೇವಿ’ ವರ್ಗದ 30 ಎಂಜಿನ್‌ಗಳನ್ನು ರೂಪಿಸಿದ. ಮೊದಲನೆಯದು ಹೊರಬಂದದ್ದು 1941ರಲ್ಲಿ. ಮೈಮೇಲೆ ಪೆಟ್ಟಿಗೆಯಂಥ ತಗಡಿನ ಹೊದಿಕೆ; ಒಳಗೆ ಎಣ್ಣೆಯಲ್ಲಿ ಮುಳುಗಿದ ಸರಪಳಿಯಿಂದ ಕವಾಟಗಳು ಆಡುತ್ತಿದ್ದವು. ಬುದ್ಧಿವಂತಿಕೆಯೇನೋ ಇತ್ತು, ಆದರೆ ಎಣ್ಣೆ ಸೋರುತ್ತಿತ್ತು, ಆಗಾಗ ಬೆಂಕಿಯೂ ಹೊತ್ತಿಕೊಳ್ಳುತ್ತಿತ್ತು. ಅದಕ್ಕೆ 1956ರಿಂದ ಮೊದಲುಮಾಡಿ ಅಷ್ಟನ್ನೂ ಬಿಚ್ಚಿ ಸಾಮಾನ್ಯ ಎಂಜಿನ್‌ಗಳಂತೆ ಮರುಕಟ್ಟಿದರು. ಇಂದು ಉಳಿದಿರುವ ಹನ್ನೊಂದೂ ಮರುಕಟ್ಟಿದವೇ, ಹಳೆಯ ರೂಪದ್ದು ಒಂದೂ ಇಲ್ಲ. ಈಗ 35011 ಸಂಖ್ಯೆಯ ‘ಜನರಲ್ ಸ್ಟೀಮ್ ನ್ಯಾವಿಗೇಷನ್’ ಎಂಬ ಎಂಜಿನ್ನನ್ನು ಸರಪಳಿ, ತಗಡು ಸಮೇತ ಮೊದಲಿನಂತೆ ಮಾಡಬೇಕೆಂದು ಒಂದು ಸಂಘ ಹಟ ಹಿಡಿದು ಹಣ ಕೂಡಿಸುತ್ತಿದೆ. ನಾನಾದರೆ ಇದಕ್ಕೆ ಒಪ್ಪುತ್ತೇನೆ. ಮರುಕಟ್ಟಿದವು ಇನ್ನೂ ಹತ್ತು ಇರುವಾಗ, ಕಣ್ಣಾರೆ ಕಾಣಲಾರದ ಒಂದನ್ನು ತಂದರೆ ನಷ್ಟವಿಲ್ಲ.

‘ಫ್ಲೈಯಿಂಗ್ ಸ್ಕಾಟ್ಸ್‌ಮನ್’ ಕಥೆ ಬೇರೆ. 1923ರಲ್ಲಿ ಹುಟ್ಟಿದ ಈ ಎಂಜಿನ್ನಿಗೆ ಮುಪ್ಪಿನಲ್ಲಿ ಜೋಡಿ ಹೊಗೆಕೊಳವೆಯನ್ನೂ ಹೊಗೆ ತಡೆವ ತಗಡುಗಳನ್ನೂ ಇಟ್ಟಿದ್ದರು. 1963ರಲ್ಲಿ ಕೊಂಡ ಧನಿಕನೊಬ್ಬ ಅವನ್ನೆಲ್ಲ ತೆಗೆಸಿ, ತನ್ನ ಮನಸ್ಸಿನ ಹಳೆಯ ತಿಳಿಹಸಿರು ಬಳಿಸಿದ. 1990ರ ದಶಕದಲ್ಲಿ ಅವು ಮತ್ತೆ ಬಂದವು. 2016ರಲ್ಲಿ ಕೋಟಿಗಟ್ಟಲೆ ಖರ್ಚಿನ ದುರಸ್ತಿ ಮುಗಿಸಿ ಹೊರಬಂದಾಗ ಅದು 60103 ಎಂಬ ಮುಪ್ಪಿನ ಸಂಖ್ಯೆಯನ್ನೇ ಹೊತ್ತಿತ್ತು. ಒಂದೇ ಜೀವಕ್ಕೆ ಎಷ್ಟು ಸಲ ಬಾಲ್ಯ, ಎಷ್ಟು ಸಲ ಮುಪ್ಪು!

ನಮ್ಮ ದೊಡ್ಡಪ್ಪ ಮೀಟರ್ ಗೇಜ್ ಕಾಲದಲ್ಲಿ ಈ ಮಾರ್ಗದ ಗಾಡಿಗಳಲ್ಲಿ ಫೈರ್‌ಮನ್ ಆಗಿದ್ದರು. ವೈಪಿ, ವೈಜಿ ಎಂಬ ಎಂಜಿನ್‌ಗಳ ಹೊಟ್ಟೆಗೆ ಸಲಿಕೆಯಿಂದ ಕಲ್ಲಿದ್ದಲು ಎಸೆದು ಅಂಗೈ ಕಲ್ಲಾಗಿತ್ತು. ಅವರು ಹೇಳುತ್ತಿದ್ದುದು: “ವರ್ಕ್‌ಶಾಪಿಗೆ ಹೋಗಿ ಬಂದ ಎಂಜಿನ್ನು ಹೋದಂಗ ಬರಂಗಿಲ್ಲಪ. ಒಂದರ ಬಾಯ್ಲರ್ ಇನ್ನೊಂದಕ್ಕ, ಇದರ ಗಾಲಿ ಅದಕ್ಕ.” ದುರಸ್ತಿಯ ಪದ್ಧತಿಯೇ ಹಾಗೆ. ಸಿದ್ಧವಿದ್ದ ಬಾಯ್ಲರನ್ನು ಏರಿಸಿ, ಗಾಡಿಯನ್ನು ಬೇಗ ಕೆಲಸಕ್ಕೆ ಕಳಿಸಬೇಕು. ನಂಬರು ಮಾತ್ರ ಒಂದೇ. ಒಮ್ಮೆ ಯಾವುದೋ ನಿಲ್ದಾಣದ ಮುಂದೆ ಪೀಠದ ಮೇಲೆ ನಿಲ್ಲಿಸಿದ್ದ ಎಂಜಿನ್ನಿಗೆ ಹಬ್ಬದ ಎತ್ತಿನಂತೆ ಬಣ್ಣ ಬಳಿದಿದ್ದನ್ನು ಕಂಡು ಅವರು ಬಹಳ ಹೊತ್ತು ಮಾತಾಡಲಿಲ್ಲ. ಅವರು ದುಡಿದ ಎಂಜಿನ್‌ಗಳೆಲ್ಲ ಕಪ್ಪು.

ನಮ್ಮ ದೇಶದಲ್ಲಿ ಈ ಪ್ರಶ್ನೆ ಇನ್ನೂ ಒರಟಾಗಿದೆ. 1855ರಲ್ಲಿ ಲೀಡ್ಸ್‌ನಲ್ಲಿ ತಯಾರಾದ ‘ಫೇರಿ ಕ್ವೀನ್’ ಅನ್ನು 1997ರಲ್ಲಿ ಮತ್ತೆ ಓಡಿಸಿದರು. ಅದು ದಿಲ್ಲಿಯಿಂದ ಅಲ್ವರಿಗೆ ಪ್ರವಾಸಿಗರನ್ನು ಒಯ್ದಿತು. ಆಮೇಲೆ ಅದರ ಬಿಡಿಭಾಗಗಳು ಕಳುವಾದದ್ದು 2011ರಲ್ಲಿ ಬೆಳಕಿಗೆ ಬಂತು. ಚೆನ್ನೈನ ಪೆರಂಬೂರಿನಲ್ಲಿ ಹೊಸ ಭಾಗಗಳನ್ನು ಮಾಡಿ ಮತ್ತೆ ಕೂಡಿಸಬೇಕಾಯಿತು. ಅದರಲ್ಲಿ 1855ರದ್ದು ಎಷ್ಟು, ಪೆರಂಬೂರಿನದು ಎಷ್ಟು ಎಂಬ ಲೆಕ್ಕವನ್ನು ನೋಡಲು ಬಂದವರ ಕಣ್ಣಿಗೆ ಬೀಳುವಂತೆ ಬರೆದಿಡಬೇಕು. ಇಲ್ಲದಿದ್ದರೆ ಹೊಸ ಕಬ್ಬಿಣ ಹಳೆಯದೆಂದು ಸುಳ್ಳು ಹೇಳಿದಂತಾಗುತ್ತದೆ. ಅದನ್ನು ಮಾಡಿದ ಕುಶಲಕರ್ಮಿಯ ಕೆಲಸಕ್ಕೂ ಹೆಸರಿಲ್ಲದಾಗುತ್ತದೆ.

ಇಷ್ಟು ದೂರ ಯಾಕೆ ಹೋಗಬೇಕು? ನಮ್ಮ ಊರಿನಿಂದ ಕೆಲವೇ ಮೈಲಿ ದೂರದ ವಿಠ್ಠಲ ದೇವಾಲಯದ ಅಂಗಳದಲ್ಲಿ ಕಲ್ಲಿನ ರಥವಿದೆ. 50 ರೂಪಾಯಿಯ ನೋಟಿನ ಮೇಲೆ ಅಚ್ಚಾಗಿರುವುದು ಅದೇ. ಹೆಸರಿಗೆ ರಥ, ನಿಜದಲ್ಲಿ ಗರುಡನ ಗುಡಿ. 1856ರಲ್ಲಿ ಅಲೆಕ್ಸಾಂಡರ್ ಗ್ರೀನ್‌ಲಾ ಎಂಬ ಸೈನ್ಯಾಧಿಕಾರಿ ತೆಗೆದ ಚಿತ್ರದಲ್ಲಿ ಅದರ ನೆತ್ತಿಯ ಮೇಲೆ ಇಟ್ಟಿಗೆಯ ಶಿಖರ ನಿಂತಿದೆ. ಇಂದು ಅದಿಲ್ಲ. ಮುಂದೆ ನಿಂತ ಎರಡು ಆನೆಗಳೂ ಮೊದಲಿನವಲ್ಲ, ಬೇರೆ ಕಡೆಯಿಂದ ತಂದಿಟ್ಟವು. ಹಾಗಾದರೆ ಮೂಲ ರೂಪ ಬೇಕೆನ್ನುವವರು ಶಿಖರವನ್ನು ಕಟ್ಟಬೇಕೇ, ಆನೆಗಳನ್ನು ಹೊರಡಿಸಬೇಕೇ? ಬುಲೀಡನ ಎಂಜಿನ್ನಿಗೆ ಹೂಂ ಎಂದ ನಾನು ಇಲ್ಲಿ ಬೇಡ ಎನ್ನುತ್ತೇನೆ. ಅಲ್ಲಿ ಅದೇ ವರ್ಗದ ಇನ್ನೂ ಹತ್ತಿವೆ. ಇಲ್ಲಿರುವುದು ಒಂದೇ ರಥ, ಒಮ್ಮೆ ಕೈ ಹಾಕಿದರೆ ಹೋಲಿಸಿ ನೋಡಲು ಇನ್ನೊಂದಿಲ್ಲ. ಅದೂ ಅಲ್ಲದೆ, ಅಲ್ಲಿ ನಡೆದುದೆಲ್ಲ ಅಲ್ಲೇ ಇದೆ. ಆನೆಗಳ ಹಿಂದೆ ಸ್ವಲ್ಪ ಬಗ್ಗಿ ನೋಡಿದರೆ, ಮೊದಲು ರಥಕ್ಕೆ ಹೂಡಿದ್ದ ಕುದುರೆಗಳ ಹಿಂಗಾಲು, ಬಾಲಗಳ ಗುರುತು ಈಗಲೂ ಕಲ್ಲಿನಲ್ಲಿ ಕಾಣುತ್ತದೆ.